ಡಬ್ಬಿಯ ಠರಾವು, ನನ್ನ ಛತ್ರಿ

ನಾನು ಏಪ್ರಿಲ್ ತಿಂಗಳಲ್ಲೂ ಛತ್ರಿ ಹಿಡಿದೇ ಹೊರಡುವವಳು. ಬೆಳಗಾವಿಯ ಸದಾಶಿವನಗರದ ನಮ್ಮ ಓಣಿಯ ಹುಡುಗರಿಗೆ ಇದೊಂದು ಮೋಜು. ಮಳೆ ಬಾರದಿದ್ದರೆ ಬಿಸಿಲಾದರೂ ಬರುತ್ತದೆ, ಬಿಸಿಲಿಲ್ಲದಿದ್ದರೆ ಓಣಿಯ ನಾಯಿ ಬರುತ್ತದೆ, ಮೂರೂ ಬಾರದಿದ್ದ ದಿನ ಯಾಕೆ ಯಾವುದೂ ಬರಲಿಲ್ಲವೆಂದು ನನಗೆ ಚಿಂತೆ ಹತ್ತುತ್ತದೆ. ಚಿಂತೆ ಮಾಡುವುದರಲ್ಲಿ ನನ್ನದು ಬಹಳ ವರ್ಷಗಳ ಸರ್ವಿಸು. ನೌಕರಿಗೆ ಪಿಂಚಣಿ ಬಂತು, ಇದಕ್ಕೆ ಮಾತ್ರ ನಿವೃತ್ತಿಯೇ ಇಲ್ಲ.

ಸಂಜೆ ಟೀವಿಯಲ್ಲಿ ಯಾವುದಾದರೂ ದೊಡ್ಡ ದೇಶ ಇನ್ನೊಂದು ಸಣ್ಣ ದೇಶಕ್ಕೆ ಚುನಾವಣೆ ಹೇಗೆ ನಡೆಸಬೇಕೆಂದು ಬುದ್ಧಿ ಹೇಳುತ್ತಿದ್ದರೆ ನಮ್ಮ ಮನೆಯವರಿಗೆ ಸಿಟ್ಟು ಬರುತ್ತದೆ. ಮೊದಲು ತಮ್ಮ ಮನೆ ನೋಡಿಕೊಳ್ಳಲಿ ಎನ್ನುತ್ತಾರೆ. ನಮ್ಮ ದೇಶದ ಮಂತ್ರಿಗಳು ಹೊರಗೆ ಹೋಗಿ ಅದೇ ಮಾತಾಡಿದರೂ ಅಷ್ಟೇ ಸಿಟ್ಟು. ಅವರು ಹೇಳುವುದು ನ್ಯಾಯವೇ. ಆದರೂ ನನಗೆ ಥಟ್ಟನೆ ಹೌದೆನ್ನಲು ಬಾಯಿ ಬರುವುದಿಲ್ಲ. ಯಾಕೆಂದರೆ ನಾನು ನೌಕರಿ ಉಳಿಸಿಕೊಂಡದ್ದೇ ಅಂಥ ಮಂದಿಯ ನಡುವೆ, ಅವರದೇ ಮಾತಿನ ಬಲದಿಂದ. ಅವರು ಒಂದು ರೈಲು ಡಬ್ಬಿಯಲ್ಲಿ ಕೂತು ಜಗತ್ತಿಗೆಲ್ಲ ಪ್ರಜಾಪ್ರಭುತ್ವ ಹಂಚುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಖಾನಾಪುರದಲ್ಲಿತ್ತು. ಅಪ್ಪ ಬೆಳಗಾವಿಯಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನರಾಗಿದ್ದರು. ಮುಂಜಾನೆಯ ಪ್ಯಾಸೆಂಜರಿಗೆ ಹೋಗಿ ಸಂಜೆಯ ಪ್ಯಾಸೆಂಜರಿಗೆ ಮರಳುವುದು. ಆ ಸಂಜೆಯ ಗಾಡಿಯಲ್ಲಿ ಎಂಜಿನ್ನಿನಿಂದ ಮೂರನೆಯ ಡಬ್ಬಿ ತಿಂಗಳ ಪಾಸಿನ ಮಂದಿಯದು. ಹೊಸಬರು ಹತ್ತಿದರೆ ಯಾರೂ ಬೈಯುತ್ತಿರಲಿಲ್ಲ; ಸುಮ್ಮನೆ ಅವರನ್ನೇ ನೋಡುತ್ತಿದ್ದರು, ಅವರೇ ಮುಂದಿನ ಡಬ್ಬಿಗೆ ಹೋಗುತ್ತಿದ್ದರು. ಗಾಡಿ ಬೆಳಗಾವಿ ಬಿಟ್ಟು ದೇಸೂರು ಬರುವಷ್ಟರಲ್ಲಿ ಅಲ್ಲಿ ಸಭೆ ಕೂಡುತ್ತಿತ್ತು. ಒಬ್ಬರು ವಿಷಯ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಪರ ವಿರೋಧ ಮಾತಾಗಬೇಕು, ಇದಲಹೊಂಡ ದಾಟುವುದರೊಳಗೆ ಮತಕ್ಕೆ ಹಾಕಿ ಠರಾವು ಪಾಸು ಮಾಡಬೇಕು. ಖಾನಾಪುರ ಬಂದರೆ ಅರ್ಧಕ್ಕರ್ಧ ಸಭಾಸದರು ಇಳಿದುಬಿಡುತ್ತಿದ್ದರು. ಅಧ್ಯಕ್ಷರು ನಮ್ಮ ಅಪ್ಪ. ಕೋರ್ಟಿನ ಕಲಾಪ ನೋಡಿ ನೋಡಿ ಅವರಿಗೆ ಕ್ರಮದ ಮೇಲೆ ಬಹಳ ಪ್ರೀತಿ ಹುಟ್ಟಿತ್ತು.

ಮತ ಹಾಕುವುದು ಕೈ ಎತ್ತಿ ಅಲ್ಲ, ಛತ್ರಿ ಎತ್ತಿ. ಇದಕ್ಕೆ ಕಾರಣವಿತ್ತು. ಅರ್ಧ ಮಂದಿ ನಿಂತಿರುತ್ತಿದ್ದರು. ಗಾಡಿಯ ಓಲಾಟಕ್ಕೆ ಬೀಳಬಾರದೆಂದು ಅವರ ಕೈ ಯಾವಾಗಲೂ ಮೇಲೆಯೇ ಇರುತ್ತಿದ್ದವು. ಮಂದ ಬಲ್ಬಿನ ಬೆಳಕಿನಲ್ಲಿ ಯಾವುದು ಮತ, ಯಾವುದು ಆಸರೆ ಎಂದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಮಡಿಸಿದ ಛತ್ರಿಯನ್ನು ಹಿಡಿಕೆ ಮೇಲಾಗಿ ಎತ್ತಿದರೆ ಮಾತ್ರ ಮತ ಎಂದು ನಿಯಮವಾಯಿತು. ಜೂನಿನ ಮಿರಗ ಮಳೆಗೆ ಹೊರಬಿದ್ದ ಛತ್ರಿ ದಸರೆಯವರೆಗೆ ಕೈಬಿಡದ ಊರು ನಮ್ಮದು, ತೊಂದರೆಯೇನೂ ಇರಲಿಲ್ಲ. ಉಳಿದ ದಿನ ಬರೀ ಚರ್ಚೆ; ಠರಾವೇನಿದ್ದರೂ ಮಳೆಗಾಲಕ್ಕೆ.

ಇಷ್ಟೆಲ್ಲ ಕ್ರಮ ಬಲ್ಲ ಅಪ್ಪ ಮನೆಯಲ್ಲಿ ಒಂದು ವಿಷಯವನ್ನೂ ಯಾರ ಮುಂದೆಯೂ ಮಂಡಿಸಿದವರಲ್ಲ. ಒಂದು ದಿನ ಹಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬರ ಟ್ರಂಕು ನಮ್ಮ ಪಡಸಾಲೆಗೆ ಬಂದು ಕೂತಿತು. ಮುಂದಿನ ಕೋಣೆ ಬಾಡಿಗೆಗೆ ಹೋಗಿದೆ ಎಂದು ಅವ್ವನಿಗೆ ಗೊತ್ತಾದದ್ದು ಆ ಟ್ರಂಕಿನಿಂದ. ಅವ್ವ ಜಗಳವಾಡುವವಳಲ್ಲ. ಡಬ್ಬಿಯೊಳಗಿನ ಮನುಷ್ಯಾ ಬ್ಯಾರೆ, ಮನ್ಯಾಗಿನ ಮನುಷ್ಯಾ ಬ್ಯಾರೆ ಎಂದು ರೊಟ್ಟಿ ಬಡಿಯುತ್ತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಂಥ ದಿನ ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಗಿರುತ್ತಿತ್ತು.

ಟೈಪಿಂಗ್ ಕಲಿತಿದ್ದ ನನಗೆ ಬೆಳಗಾವಿಯ ಒಂದು ಸಹಕಾರಿ ಸಂಘದಲ್ಲಿ ನೌಕರಿ ಸಿಕ್ಕಿತು. ಆಗ ತುರ್ತು ಪರಿಸ್ಥಿತಿಯ ಎರಡನೆಯ ಮಳೆಗಾಲ. ನಮ್ಮ ಮನೆತನದಲ್ಲಿ ನೌಕರಿಗೆ ಹೊರಟ ಮೊದಲ ಹೆಣ್ಣು ನಾನು. ಮನೆಗೆ ಹಿರಿಯರಾದ ದೊಡ್ಡಪ್ಪ ಒಪ್ಪಿದ್ದೇ ಹೆಚ್ಚು. ಮೊದಲ ಕೆಲವು ವಾರ ಗಾಡಿಯ ಬಾಲದಲ್ಲಿದ್ದ ಹೆಂಗಸರ ಡಬ್ಬಿಯಲ್ಲಿ ಬಂದೆ. ಅಲ್ಲಿ ಮಾಡು ಸೋರುತ್ತಿತ್ತು. ಸಂಜೆಗೆ ಹೆಂಗಸರೇ ಕಡಿಮೆ. ಒಂದು ಸಂಜೆ ಬಲ್ಬು ಹೋಗಿ, ದೇಸೂರಿನಿಂದ ಖಾನಾಪುರದವರೆಗೆ ಕತ್ತಲೆಯಲ್ಲಿ ಒಬ್ಬಳೇ ಕೂತು ಬಂದೆ. ಏನೂ ಆಗಲಿಲ್ಲ. ಆದರೆ ಆಗಬಹುದಾದದ್ದನ್ನೆಲ್ಲ ಮನೆಗೆ ಬಂದು ನಾನೇ ವಿವರವಾಗಿ ಹೇಳಿಬಿಟ್ಟೆ. ಚಿಂತೆಯ ಸ್ವಭಾವಕ್ಕೆ ಬಾಯಿಯೂ ಜೊತೆಯಾದರೆ ಹೀಗೆಯೇ. ದೊಡ್ಡಪ್ಪ ತೀರ್ಪು ಕೊಟ್ಟರು: ನಾಳೆಯಿಂದ ಅಪ್ಪನ ಕಣ್ಣ ಮುಂದೆ, ಅಪ್ಪನ ಡಬ್ಬಿಯಲ್ಲಿ ಕೂತು ಬರುವುದಾದರೆ ನೌಕರಿ, ಇಲ್ಲದಿದ್ದರೆ ಮನೆಯಲ್ಲಿ ಕೂರುವುದು, ನೋಡಲು ಬರುವವರಿಗೆ ಚಹಾ ಕೊಡುವುದು.

ಹೀಗೆ ನಾನು ಮೂರನೆಯ ಡಬ್ಬಿಗೆ ಬಂದೆ. ಕಿಟಕಿಯ ಮೂಲೆಯಲ್ಲಿ ಅಪ್ಪನ ಎದುರು ಜಾಗ.

ಸಭೆಯ ರೀತಿ ಆ ಹೊತ್ತಿಗೆ ಬದಲಾಗಿತ್ತು. ಮೊದಲೆಲ್ಲ ಅವರು ಎಣ್ಣೆಯ ಧಾರಣೆ, ಮುನಸಿಪಾಲಿಟಿಯ ಗಟಾರು, ದಿಲ್ಲಿಯ ಮಂತ್ರಿಗಳು, ಯಾರನ್ನೂ ಬಿಡುತ್ತಿರಲಿಲ್ಲವಂತೆ. ಈಗ ಬಾಯಿ ಬಿಟ್ಟರೆ ಯಾರು ಕೇಳಿಸಿಕೊಳ್ಳುತ್ತಾರೋ ಎಂಬ ಅಂಜಿಕೆ. ಅದೂ ಅಲ್ಲದೆ ಕಪ್ಪು ಕನ್ನಡಕದ ಅಪರಿಚಿತರೊಬ್ಬರು ದಿನವೂ ಬಾಗಿಲ ಹತ್ತಿರ ಕೂರತೊಡಗಿದ್ದರು. ಅವರ ಹತ್ತಿರ ಛತ್ರಿ ಇರಲಿಲ್ಲ, ರೇನ್‌ಕೋಟು ಇತ್ತು. ರೇನ್‌ಕೋಟು ಹಾಕುವವರು ಸರಕಾರದ ಗುಪ್ತಚರರೇ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು. ಅವರು ಕನ್ನಡಕದ ಫ್ರೇಮು ಮಾರುವವರೆಂದೂ ಅವರಿಗೆ ಎರಡೂ ಕಿವಿ ಕೇಳಿಸುವುದಿಲ್ಲವೆಂದೂ ಗೊತ್ತಾಗುವಷ್ಟರಲ್ಲಿ ತುರ್ತು ಪರಿಸ್ಥಿತಿಯೇ ಮುಗಿದಿತ್ತು.

ಸಭೆ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಆದ್ದರಿಂದ ಅಪ್ಪ ಒಂದು ಉಪಾಯ ಮಾಡಿದರು: ಇನ್ನು ಮುಂದೆ ಪರದೇಶದ ವಿಷಯ ಮಾತ್ರ. ನಮ್ಮ ದೇಶದಲ್ಲಿ ಆಗಬೇಕಿದ್ದ ಚುನಾವಣೆಯೇ ಮುಂದಕ್ಕೆ ಹೋಗಿದ್ದ ಆ ವರ್ಷ, ಮೂರನೆಯ ಡಬ್ಬಿ ಚಿಲಿಯಲ್ಲಿ ಕೂಡಲೇ ಚುನಾವಣೆ ಆಗಬೇಕೆಂದು ಠರಾವು ಮಾಡಿತು. ನಮ್ಮ ಪತ್ರಿಕೆಗಳ ಬಾಯಿ ಕಟ್ಟಿದ್ದಾಗ ಬೇರೆ ಯಾವುದೋ ದೇಶದ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡಿಸಿತು. ವಿದೇಶ ಖಾತೆ ಪಾರಿಶ್ವಾಡದ ಮಾಸ್ತರರದು. ಬೆಳಗಾವಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದ ಅವರು ಖಾನಾಪುರದಲ್ಲಿ ಇಳಿದು ಸೈಕಲ್ ಹತ್ತಿ ಊರಿಗೆ ಹೋಗುವವರು. ಅವರು ದೇಶ ಆರಿಸಿ ತರುತ್ತಿದ್ದರು, ಉಳಿದವರು ಅದನ್ನು ಉದ್ಧಾರ ಮಾಡುತ್ತಿದ್ದರು.

ಆ ಮಾಸ್ತರರಿಗೇ ಒಮ್ಮೆ ಇದು ಸಹಿಸದಾಯಿತು. ಎಂಜಿನ್ನು ಉದ್ದಕ್ಕೆ ಸೀಟಿ ಹಾಕಿದಾಗ ಅಪ್ಪನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಅಲ್ರೀ ಕಾರಕೂನ ಸಾಹೇಬ್ರ, ನಮ್ಮ ಬಾಯಿಗೇ ಬೀಗ ಬಿದ್ದೈತಿ. ನಾವು ಮಂದಿಗೆ ಬಾಯಿ ತಗೀರಿ ಅಂತ ಹೇಳೂದು ಖರೇ ಅನಸತೈತೇನ್ರಿ?"

"ಖರೇ ಅನಸೂದಿಲ್ಲ ಬಿಡ್ರಿ" ಎಂದರು ಅಪ್ಪ. "ಆದ್ರ ಮಾತಿನ ರೂಢಿ ಇರಲಿ. ನಾಳೆ ಬೀಗ ತಗದಾಗ ನಾವು ಏನ ಮಾತಾಡತಿದ್ವಿ ಅನ್ನೂದ ಮರತ ಹೋಗಿರಬಾರದು."

ಎದುರು ಕೂತಿದ್ದ ನನಗೆ ಎರಡೂ ಕೇಳಿಸಿತು. ಅಪ್ಪನ ಉತ್ತರ ಹೇಡಿಯದೋ ಜಾಣನದೋ ಎಂದು ಆಗ ತಿಳಿಯಲಿಲ್ಲ. ಈಗಲೂ ನಿದ್ದೆ ಬಾರದಾಗ ಅದನ್ನೇ ಮಗುಚಿ ಹಾಕುತ್ತಿರುತ್ತೇನೆ.

ಇತ್ತ ನನ್ನಿಂದ ಸಭೆಗೆ ತೊಂದರೆ ಶುರುವಾಗಿತ್ತು. ನಾನು ಕೂತಿದ್ದೇನೆಂದು ಬೀಡಿ ಬಂದ್ ಆಯಿತು. ಅಂಗಿಯ ಮೇಲಿನ ಗುಂಡಿಗಳನ್ನೂ ಹಾಕಿಕೊಳ್ಳತೊಡಗಿದರು. ಕೆಲವು ಜೋಕುಗಳು ಅರ್ಧಕ್ಕೇ ಕೆಮ್ಮಾಗಿ ಮುಗಿಯುತ್ತಿದ್ದವು. ಯಾರೂ ಕೆಟ್ಟವರಲ್ಲ, ದಿನವಿಡೀ ಇನ್ನೊಬ್ಬರ ಮುಂದೆ ಬಗ್ಗಿ ಕೆಲಸ ಮಾಡಿದವರಿಗೆ ಆ ಒಂದು ತಾಸು ಸಡಿಲಾಗುವ ಹೊತ್ತು, ಅದನ್ನು ನಾನು ಬಂದು ಕೆಡಿಸಿದ್ದೆ. ಬೆಳಗಾವಿಯ ಕಟ್ಟಿಗೆ ಅಡ್ಡೆಯಲ್ಲಿ ಲೆಕ್ಕ ಬರೆದು ದಿನವೂ ಲೋಂಡಾಕ್ಕೆ ಮರಳುತ್ತಿದ್ದ ಒಬ್ಬರಿದ್ದರು. ನಾವು ಇಳಿದ ಮೇಲೂ ಕಾಡಿನ ನಡುವೆ ಬಹಳ ಹೊತ್ತು ಕೂರಬೇಕಾದವರು, ಬೀಡಿಯ ಅಗತ್ಯವೂ ಅವರಿಗೇ ಹೆಚ್ಚು. ಪರದೇಶದ ವಿಷಯ ಮಾತ್ರ ಎಂಬ ನಿಯಮವನ್ನು ಒಂದು ದಿನದ ಮಟ್ಟಿಗೆ ಸಡಿಲಿಸಬೇಕೆಂದು ಅವರು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ಡಬ್ಬಿಯ ಒಳಗಿನದೇ ಒಂದು ಸಣ್ಣ ವಿಷಯವಿದೆ, ನಾಳೆ ಮಂಡಿಸುತ್ತೇನೆ ಎಂದರು. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಡಬ್ಬಿಯಲ್ಲೇ ಪ್ರಯಾಣ ಮಾಡಬೇಕು ಎಂಬುದೇ ವಿಷಯ. ತಂಗಿಗೂ ಅನುಕೂಲ, ನಮಗೂ ಅನುಕೂಲ ಎಂದು ನನ್ನ ಕಡೆ ನೋಡದೆ ಹೇಳಿದರು.

ಪಾಸಾದರೆ ನೌಕರಿ ಮುಗಿಯಿತು ಎಂಬುದು ಅಪ್ಪನಿಗೂ ಗೊತ್ತು, ನನಗೂ ಗೊತ್ತು. ನಾನು ಮರುದಿನ ಆಫೀಸಿನಲ್ಲಿ ಸಂಜೆ ಆಡಬೇಕಾದ ಮಾತು ಮನಸ್ಸಿನಲ್ಲೇ ತಾಲೀಮು ಮಾಡುತ್ತ, ಗೊಬ್ಬರದ ಅಂಗಡಿಗೆ ಹೋಗಬೇಕಿದ್ದ ಪತ್ರದಲ್ಲಿ ರೊಡೇಶಿಯಾ ಎಂದು ಟೈಪ್ ಮಾಡಿದೆ. ಹರಿದು ಮತ್ತೆ ಮಾಡಿದೆ. ಮತ್ತೆ ರೊಡೇಶಿಯಾ. ಯಾಕೆಂದರೆ ಹಿಂದಿನ ವಾರವಷ್ಟೇ ಡಬ್ಬಿ ಆ ದೇಶದ ಬಿಳಿಯರ ಸರಕಾರಕ್ಕೆ ಬಹಳ ಖಾರವಾದ ಠರಾವು ಮಾಡಿತ್ತು.

ಆ ಸಂಜೆ ಮಳೆ ಎಂಥದ್ದೆಂದರೆ ಕಿಟಕಿಯ ಕದಗಳನ್ನೆಲ್ಲ ಇಳಿಸಿದ್ದರು, ಒಳಗೆ ಒದ್ದೆ ಬಟ್ಟೆಯ ವಾಸನೆ ತುಂಬಿತ್ತು. ಲೋಂಡಾದವರು ವಿಷಯ ಮಂಡಿಸಿದರು, ಒಬ್ಬರು ಅನುಮೋದಿಸಿದರು. ಪಾರಿಶ್ವಾಡದ ಮಾಸ್ತರರು ವಿರೋಧಿಸಿ ಎರಡು ಮಾತಾಡಿದರು. ಅಪ್ಪ ತಗ್ಗಿದ ದನಿಯಲ್ಲಿ ಮತಕ್ಕೆ ಹಾಕಿದರು. ಪರವಾಗಿ ಏಳು ಛತ್ರಿ ಎದ್ದವು. ವಿರೋಧಕ್ಕೆ ಎಂದಾಗ ಅಪ್ಪ ಎಣಿಸಿ ಏಳು ಎಂದರು. ಸಮ.

"ಎಂಟು ಕಾಣಸ್ತಾವಲ್ರಿ" ಎಂದರು ಲೋಂಡಾದವರು. ತಮ್ಮ ವಿರುದ್ಧದ ಮತವನ್ನೂ ಬಿಡದೆ ಎಣಿಸುವ ಪ್ರಾಮಾಣಿಕ ಮನುಷ್ಯ.

"ಅಧ್ಯಕ್ಷರ, ಎಂಟನೇದು ನಂದು" ಎಂದೆ. ಅಪ್ಪನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಎತ್ತಿ ಹಿಡಿದ ಛತ್ರಿಯ ನೀರೆಲ್ಲ ಮಾಸ್ತರರ ಟೊಪಿಗೆಯ ಮೇಲೆ ಸುರಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

"ತಂಗಿ, ನೀ ಸಭಾಸದ ಅಲ್ಲಲ್ಲವಾ" ಎಂದರು ಲೋಂಡಾದವರು, ಮೆತ್ತಗೆ.

"ಹ್ವಾದ ವಾರ ರೊಡೇಶಿಯಾಕ್ಕ ಏನ ಹೇಳಿದ್ರಿ? ಕಾಯ್ದೆ ಯಾರ ಮ್ಯಾಲ ನಡೀತೈತೋ ಅವರಿಗೂ ಮತಾ ಇರಬೇಕು ಅಂದ್ರಿ. ನಾನೂ ಇಲ್ಲೇ ಕುಂತು ಕೇಳೇನ್ರಿ."

"ಅದು ರೊಡೇಶಿಯಾ ಆತು. ಇದು ಡಬ್ಬಿ."

ಹೇಳಿದವರಿಗೇ ತಮ್ಮ ಮಾತು ಎಲ್ಲೋ ತೊಡರಿದಂತಾಗಿ ಕಿಟಕಿಯ ಕಡೆ ತಿರುಗಿದರು, ಕದ ಮುಚ್ಚಿದೆ ಎಂಬುದನ್ನೂ ಮರೆತು. ಎಲ್ಲರೂ ಅಪ್ಪನನ್ನು ನೋಡಿದರು. ನನ್ನ ಛತ್ರಿ ಎಣಿಸಿದರೆ ಮಗಳಿಗಾಗಿ ನಿಯಮ ಮುರಿದಂತೆ. ಎಣಿಸದಿದ್ದರೆ ಮತ ಸಮ, ಅಧ್ಯಕ್ಷರೇ ಒಂದು ಕಡೆ ಛತ್ರಿ ಎತ್ತಬೇಕು. ಆಗಲೂ ಮಗಳಿಗಾಗಿ ಎಂಬ ಮಾತೇ. ಅಪ್ಪ ಟೊಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಮತ್ತೆ ತಲೆಗೆ ಹಾಕಿಕೊಂಡರು.

"ಈ ಛತ್ರಿ ಎಣಸಬೇಕೋ ಬ್ಯಾಡೋ ಅನ್ನೂದು ದೊಡ್ಡ ಪ್ರಶ್ನೆ ಐತಿ. ಗಡಿಬಿಡಿಲೆ ಹೇಳೂದಲ್ಲ. ಠರಾವು ಮುಂದೂಡೇನಿ."

"ಎಲ್ಲೀತನಕಾರೀ?"

"ಮುಂದಿನ ಹುಕುಂ ಆಗೂತನಕಾ. ಅಲ್ಲೀತನಕಾ ಈಗ ಹೆಂಗೈತೋ ಹಂಗ."

ದಿಲ್ಲಿ ಮಾಡಿದ್ದನ್ನೇ ಅಪ್ಪ ಮಾಡಿದರು. ದಿಲ್ಲಿ ಮುಂದೂಡಿದ್ದಕ್ಕೆ ಒಳಗೊಳಗೇ ಹಲ್ಲು ಕಡಿಯುತ್ತಿದ್ದ ಮಂದಿ ಇದನ್ನು ಬಹಳ ನ್ಯಾಯವಾದ ತೀರ್ಪೆಂದು ಒಪ್ಪಿ, ಛತ್ರಿ ಇಳಿಸಿದರು. ಈಗ ಹೇಗಿದೆಯೋ ಹಾಗೆ ಎಂದರೆ ನಾನು ಕಿಟಕಿಯ ಮೂಲೆಯಲ್ಲಿ ಕೂತೇ ಇರುವುದು. ನನ್ನ ನೌಕರಿ ಉಳಿಯಿತು. ಮತ ಮಾತ್ರ ಸಿಗಲಿಲ್ಲ.

ಸ್ಟೇಷನ್ನಿನಿಂದ ಮನೆಗೆ ಹೋಗುವಾಗ ಅಪ್ಪ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಎಣಿಸಬೇಕಿತ್ತಲ್ಲಪ್ಪಾ ಎಂದೆ. ಎಣಿಸಿದ್ದರೆ ಅವರು ನಾಳೆ ಮತ್ತೊಂದು ಠರಾವು ತರುತ್ತಿದ್ದರು, ಕಾರಕೂನ ಮಗಳ ಪಕ್ಷ ಹಿಡಿದ ಎನ್ನುತ್ತಿದ್ದರು, ಆಮೇಲೆ ನನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಬೆನ್ನು ತಿರುಗಿಸಿಕೊಂಡೇ ವಿವರಿಸಿದರು. ಸ್ವಲ್ಪ ದೂರ ಹೋದ ಮೇಲೆ ನಿಂತರು.

"ನ್ಯಾಯಕ್ಕ ವ್ಯಾಳೆ ಹತ್ತತೈತವ್ವಾ. ನೌಕರಿ ನಾಳೆ ಮುಂಜಾನಿನ ಐತಿ."

ಮುಂದಿನ ವರ್ಷ ಚುನಾವಣೆ ಬಂತು, ಹೋಯಿತು. ಡಬ್ಬಿ ಮತ್ತೆ ನಮ್ಮ ದೇಶದ ಸುದ್ದಿಗೆ ಮರಳಿತು. ಅಪ್ಪ ಹೇಳಿದ್ದು ಅಷ್ಟರಮಟ್ಟಿಗೆ ಖರೆಯಾಯಿತು; ಯಾರೂ ಮಾತು ಮರೆತಿರಲಿಲ್ಲ. ನನಗೆ ಖಾನಾಪುರದಲ್ಲೇ ಮದುವೆಯಾಯಿತು. ನೌಕರಿ ಇದ್ದ ಹುಡುಗಿ ಬೇಕೆಂದೇ ಒಪ್ಪಿದ ಮನೆ ಅದು. ಪ್ರತಿ ವರ್ಷ ಮಿರಗ ಮಳೆಗೆ ಮೊದಲ ಸಭೆ ಕೂಡಿದಾಗ ಅಪ್ಪ ಹಳೆಯ ಬಾಕಿ ವಿಷಯ ಒಂದು ಎಂದು ಓದುತ್ತಿದ್ದರು. ಯಾರೂ ಏನೆಂದು ಕೇಳುತ್ತಿರಲಿಲ್ಲ. ಲೋಂಡಾದವರು ಕೆಮ್ಮುತ್ತಿದ್ದರು. ಅವರು ಬೀಡಿ ಬಿಟ್ಟು ಅಡಿಕೆಗೆ ಬಂದಿದ್ದರು, ಮಗಳಿಗೆ ಟೈಪಿಂಗ್ ಕಲಿಸಬೇಕು ಎಂದು ನನ್ನಲ್ಲೇ ವಿಚಾರಿಸುತ್ತಿದ್ದರು. ನನಗೆ ಮಾತ್ರ ಪ್ರತಿ ಮಳೆಗಾಲವೂ ಚಿಂತೆ: ಈ ವರ್ಷ ಹುಕುಂ ಆಗಿಬಿಟ್ಟರೆ? ಚಿಂತೆಗೆ ಜೊತೆಯಾಗಿ ಛತ್ರಿಯನ್ನು ಹನ್ನೆರಡು ತಿಂಗಳೂ ಒಯ್ಯತೊಡಗಿದೆ. ಯಾವ ದಿನ ಮತಕ್ಕೆ ಬರುತ್ತದೋ ಯಾರಿಗೆ ಗೊತ್ತು. ಬೇಸಿಗೆಯಲ್ಲಿ ನನ್ನ ಛತ್ರಿ ಕಂಡರೆ ಅಪ್ಪ, ಬಂದರು ನೋಡ್ರಿ ಮಳಿರಾಯನ ಸೊಸಿ ಎಂದು ಎಲ್ಲರ ಮುಂದೆ ಚೇಷ್ಟೆ ಮಾಡುತ್ತಿದ್ದರು.

ಎಂಬತ್ತರ ದಶಕದ ನಡುವೆ ಅಪ್ಪನ ವಕೀಲರು ವಯಸ್ಸಾಯಿತೆಂದು ಕರಿ ಕೋಟು ಗೂಟಕ್ಕೆ ಹಾಕಿದರು. ಕೋರ್ಟಿಗೆ ಬೇಸಿಗೆ ರಜೆ ಬೀಳುವ ಹಿಂದಿನ ದಿನ ಅಪ್ಪನದೂ ಕೊನೆಯ ಪ್ರಯಾಣ. ಮುಂಜಾನೆ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ನನ್ನನ್ನು ಕಂಡವರೇ ಛತ್ರಿ ತಂದಿಯಲ್ಲಾ ಎಂದು ಕೇಳಿದರು. ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ಅಪ್ಪನಿಗೆ ಮೈ ಸರಿ ಇಲ್ಲವೇನೋ ಎಂದು ದಿನವಿಡೀ ಚಿಂತೆ ಮಾಡಿದೆ.

ಸಂಜೆ ಡಬ್ಬಿಯಲ್ಲಿ ಪೇಡೆ ಹಂಚಿದರು, ಹಾರ ಹಾಕಿದರು. ಮಾಸ್ತರರು ಅಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ದೇಸೂರು ದಾಟಿತು. ಅಪ್ಪ ಹಾರ ತೆಗೆದಿಟ್ಟು, ಅಧಿಕಾರ ಬಿಡುವ ಮುಂಚೆ ಹಳೆಯ ಬಾಕಿ ವಿಷಯ ಒಂದು ಉಳಿದಿದೆ ಎಂದರು. ಲೋಂಡಾದವರು ಕೂಡಲೇ ಎದ್ದು, ಅದನ್ನು ಎಂದೋ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಇವತ್ತು ಬಾಯಿಂದಲೂ ತೆಗೆದುಕೊಂಡೆ ಎಂದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಠರಾವು ಹೋತು, ಪ್ರಶ್ನೆ ಉಳೀತು. ಆಕಿ ಛತ್ರಿ ಎಣಸಬೇಕೋ ಬ್ಯಾಡೋ? ಮತಕ್ಕ ಹಾಕತೇನಿ. ಎಣಸಬೇಕು ಅನ್ನವರು ಛತ್ರಿ ಎತ್ರಿ."

ಮಂದಿ ಬಾಜು ನೋಡಿದರು, ಸೀಟಿನ ಕೆಳಗೆ ನೋಡಿದರು. ಸುಡು ಬೇಸಿಗೆ, ಇಡೀ ಡಬ್ಬಿಯಲ್ಲಿ ಇದ್ದದ್ದು ಒಂದೇ ಛತ್ರಿ. ಒಂದು ಕ್ಷಣ ನನಗೂ ತಿಳಿಯಲಿಲ್ಲ. ಆಮೇಲೆ ಎತ್ತಿದೆ.

"ಒಂದು" ಎಂದರು ಅಪ್ಪ. "ವಿರೋಧದವರು?"

ಮಾಸ್ತರರು ಕಣ್ಣು ಒರೆಸಿಕೊಳ್ಳುವಷ್ಟು ನಗುತ್ತಿದ್ದರು. ಲೋಂಡಾದವರು ಬರಿಗೈ ಎರಡನ್ನೂ ಬಿಡಿಸಿ ತೋರಿಸಿದರು.

"ವಿರೋಧ ಇಲ್ಲ. ಠರಾವು ಪಾಸು" ಎಂದು ಅಪ್ಪ ಎದ್ದು, ಮೇಲಿನ ಹಲಗೆಯಿಂದ ತಮ್ಮ ಚೀಲ ಇಳಿಸಿಕೊಂಡರು. ಇದಲಹೊಂಡ ಇನ್ನೂ ಬಂದಿರಲಿಲ್ಲ.

ಅವರನ್ನು ಮನೆ ಮುಟ್ಟಿಸಿ ಹೋಗೋಣವೆಂದು ನಾನೂ ಜೊತೆಗೆ ಹೋದೆ. ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಪೇಡೆ ಬಾಯಿಗಿಟ್ಟುಕೊಂಡು ಪೂರ್ತಿ ಕೇಳಿದಳು. ಅಪ್ಪ ಕೈಕಾಲು ತೊಳೆದು ಕೂತವರು, ನಾಳೆಯಿಂದ ತಾವು ಮನೆಯಲ್ಲೇ ಇರುವುದರಿಂದ ಆಗಬೇಕಾದ ವ್ಯವಸ್ಥೆ ಹೇಳತೊಡಗಿದರು. ಊಟ ಒಂದು ತಾಸು ಮೊದಲು ಆಗಬೇಕು. ಅಂಗಳದ ದುಂಡು ಮಲ್ಲಿಗೆಯ ಬಳ್ಳಿ ತೆಗೆಸಿ ಅಲ್ಲಿ ಆರಾಮ ಕುರ್ಚಿ ಹಾಕಬೇಕು, ನಾಳೆ ಆಳು ಬರುತ್ತಾನೆ.

ಅವ್ವ ಎದ್ದಳು. ಬಾಗಿಲ ಮೂಲೆಗೆ ನಾನು ಒರಗಿಸಿದ್ದ ಛತ್ರಿ ತೆಗೆದುಕೊಂಡು, ಹಿಡಿಕೆ ಮೇಲಾಗಿ ಎತ್ತಿ ಹಿಡಿದು, ಹೊಸ್ತಿಲ ಮೇಲೆ ನಿಂತಳು. ಇಷ್ಟು ವರ್ಷ ನಾನು ಹೇಳಿದ್ದ ಡಬ್ಬಿಯ ಸುದ್ದಿಯನ್ನೆಲ್ಲ ಅವಳು ರೊಟ್ಟಿ ಬಡಿಯುತ್ತಲೇ ಕೇಳಿದ್ದಳು.

ಅಪ್ಪ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. ನನಗೋ ಯಾರ ಬಾಜು ಕೂರಬೇಕೆಂಬ ಚಿಂತೆ. ಅಪ್ಪನ ಕೈ ತಲೆಯ ಕಡೆ ಹೋಯಿತು. ಟೊಪಿಗೆ ಆಗಲೇ ಗೂಟದಲ್ಲಿತ್ತು.

"ಮುಂದೂಡೇನಿ" ಎಂದರು.

ಮರುದಿನ ಆಳು ಬಂದವನು ಚಹಾ ಕುಡಿದು ಹೋದ. ಕುರ್ಚಿಯನ್ನು ತಲಬಾಗಿಲ ಹತ್ತಿರ ಹಾಕಿದ್ದಾಯಿತು. ಅಪ್ಪ ಇರುವವರೆಗೂ ಆ ಬಳ್ಳಿ ಅಂಗಳದಲ್ಲೇ ಇತ್ತು, ಪ್ರತಿ ಬೇಸಿಗೆಗೆ ಅವ್ವನ ಸೆರಗು ತುಂಬ ಹೂ ಕೊಟ್ಟಿತು. ಆ ವಿಷಯದಲ್ಲಿ ಹುಕುಂ ಎಂದೂ ಆಗಲಿಲ್ಲ.